ಸಹಾಯ ಬೇಕು: ಅಪ್ಪನ ಶುಗರ್ ಸೆನ್ಸರ್ ರಾತ್ರಿ ಕಡಿಮೆ ತೋರಿಸುತ್ತಿದೆ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 71 ವರ್ಷ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಅಪ್ಪ ಅಮ್ಮ ಶಿರಸಿ ಹತ್ತಿರದ ಹಳ್ಳಿಯಲ್ಲಿ, ನಾನು ಬೆಂಗಳೂರಿನಲ್ಲಿ. ಹೋದ ತಿಂಗಳು ಡಾಕ್ಟರ್ ಹೇಳಿದ ಮೇಲೆ ತೋಳಿನ ಹಿಂಬದಿಗೆ ಅಂಟಿಸುವ ಸೆನ್ಸರ್ ಹಾಕಿಸಿದೆವು. 14 ದಿನ ಬರುತ್ತದೆ. ಫೋನ್ ಹತ್ತಿರ ಹಿಡಿದರೆ ಶುಗರ್ ಎಷ್ಟಿದೆ ಅಂತ ಗೊತ್ತಾಗುತ್ತದೆ, ನನ್ನ ಫೋನಿಗೂ ಬರುತ್ತದೆ.

ತೊಂದರೆ ಇರುವುದು ರಾತ್ರಿ. ಮೂರು ಸಲ ನಸುಕಿನಲ್ಲಿ 58, 60 ಹೀಗೆ ತೋರಿಸಿತು. ಅಮ್ಮ ಗಾಬರಿಯಾಗಿ ಸಕ್ಕರೆ ನೀರು ಕುಡಿಸಿದರು. ಕೊನೆಯ ಸಲ ನಾನು ಫೋನಿನಲ್ಲೇ ಹೇಳಿ ಬೆರಳು ಚುಚ್ಚಿ ನೋಡಿಸಿದೆ. 104 ಇತ್ತು! ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವವನ್ನು, ಹಾಗಾಗಿ ಸ್ವಲ್ಪ ವ್ಯತ್ಯಾಸ ಇರುತ್ತದೆ ಅಂತ ಗೊತ್ತು. ಆದರೆ ಇಷ್ಟೊಂದಾ? ಅಪ್ಪ ಅದೇ ಮಗ್ಗುಲಿಗೆ ಮಲಗುತ್ತಾರೆ. ಸೆನ್ಸರ್ ಮೇಲೆ ಭಾರ ಬಿದ್ದರೆ ಹೀಗೆ ಸುಳ್ಳು ಲೋ ಬರುತ್ತದಂತೆ. ನಿಮ್ಮ ಮನೆಯಲ್ಲೂ ಹೀಗಾಗಿದೆಯಾ? ಇನ್ನೊಂದು ತೋಳಿಗೆ ಹಾಕಿದ ಮೇಲೆ ಸರಿಹೋಯಿತಾ? ಡಾಕ್ಟರನ್ನು ಸೋಮವಾರ ಕಾಣುತ್ತೇವೆ, ಡೋಸ್ ನಾವಾಗಿಯೇ ಬದಲಿಸಿಲ್ಲ.

ಇನ್ನೊಂದು ವಿಷಯ. ಮಳೆ ಬಂದರೆ ಅಲ್ಲಿ ನೆಟ್‌ವರ್ಕ್ ಇರುವುದಿಲ್ಲ, ನನಗೆ ಏನೂ ಕಾಣುವುದಿಲ್ಲ. ಆ ರಾತ್ರಿಗಳಲ್ಲಿ ನಿದ್ದೆಯೇ ಬರುವುದಿಲ್ಲ. ಅದಕ್ಕೇ ಅಮ್ಮನೇ ನೋಡಿಕೊಳ್ಳಲಿ ಅಂತ ಅವರಿಗೆ ಒಂದು ಫೋನ್ ಕೊಡಿಸಬೇಕು. ಎನ್‌ಎಫ್‌ಸಿ (ಹತ್ತಿರ ಹಿಡಿದರೆ ಸೆನ್ಸರ್ ಓದುವ ಸೌಲಭ್ಯ) ಇರುವ, ಅಕ್ಷರ ದೊಡ್ಡದಾಗಿ ಕಾಣುವ, ಜಾಸ್ತಿ ದುಬಾರಿಯಲ್ಲದ ಫೋನ್ ಯಾವುದಿದೆ? ಬಳಸಿ ನೋಡಿದವರು ದಯವಿಟ್ಟು ಹೇಳಿ.