ಗೊರಕೆಗೆ ಚಿಕಿತ್ಸೆ ಪಡೆದರೆ ಹಳೆಯ ಸೊಂಟನೋವು ಕಡಿಮೆಯಾಗುವುದೇ?

ಪ್ರಶ್ನೆ (ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ): ನಮ್ಮ ತಂದೆಯವರಿಗೆ 56 ವರ್ಷ. ಚಿಕ್ಕಂದಿನಿಂದ ಕುಣಿಮಗ್ಗದಲ್ಲಿ ಕುಳಿತು ಖಣ ನೇಯುತ್ತಾ ಬಂದವರು. ಬಹಳ ವರ್ಷಗಳಿಂದ ಸೊಂಟನೋವಿದ್ದು, ಈಗ ಅದು ಎಡಗಾಲಿಗೂ ಇಳಿದಿದೆ. ರಾತ್ರಿ ಟ್ರಮಡಾಲ್ ಮತ್ತು ಪ್ರಿಗ್ಯಾಬಲಿನ್ ಗುಳಿಗೆಗಳನ್ನು ತೆಗೆದುಕೊಳ್ಳುತ್ತಾರೆ. ಗೊರಕೆ ವಿಪರೀತವಾದ್ದರಿಂದ ನಿದ್ರೆಯ ಪರೀಕ್ಷೆ ಮಾಡಿಸಿದೆವು. ಗಂಟೆಗೆ 34 ಬಾರಿ ಉಸಿರು ನಿಲ್ಲುತ್ತದೆ ಅಥವಾ ಕುಗ್ಗುತ್ತದೆ ಎಂದು ವರದಿ ಬಂದಿದೆ. ಮುಖವಾಡದ ಮೂಲಕ ಒತ್ತಡದಿಂದ ಗಾಳಿ ಕೊಟ್ಟು ಉಸಿರಿನ ದಾರಿಯನ್ನು ತೆರೆದಿಡುವ ಸಿಪ್ಯಾಪ್ ಯಂತ್ರ ಹಚ್ಚಿಕೊಂಡು ಮಲಗಲು ಹೇಳಿದ್ದಾರೆ. ಆದರೆ ತಂದೆಯವರು, "ನೋವಿರುವುದು ನಡಕ್ಕೆ, ಮೂಗಿಗೆ ಯಂತ್ರವೇಕೆ?" ಎಂದು ಒಪ್ಪುತ್ತಿಲ್ಲ. ಅವರಿಗೆ ಏನೆಂದು ತಿಳಿಹೇಳಲಿ?

ಉತ್ತರ (ಶ್ವಾಸಕೋಶ ತಜ್ಞ ವೈದ್ಯರು, ಬಾಗಲಕೋಟೆ): ನಿಮ್ಮ ತಂದೆಯವರ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಪೂರ್ಣ ಉತ್ತರ ಸಿಗಬೇಕು. ಅವರಿಗಿರುವುದು ಸ್ಲೀಪ್ ಆಪ್ನಿಯಾ ಎಂಬ ತೊಂದರೆ; ಇದರಲ್ಲಿ ನಿದ್ರೆ ಬಂದೊಡನೆ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಕಿರಿದಾಗುತ್ತದೆ ಅಥವಾ ಮುಚ್ಚುತ್ತದೆ. ಹತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಹೀಗಾದರೆ ಅದನ್ನು ಒಂದು ಬಾರಿ ಎಂದು ಎಣಿಸುತ್ತಾರೆ. ಗಂಟೆಗೆ 5ರಿಂದ 15 ಬಾರಿಯಾದರೆ ಸೌಮ್ಯ, 15ರಿಂದ 30 ಮಧ್ಯಮ, 30 ಮೀರಿದರೆ ತೀವ್ರ. ತಂದೆಯವರದು ತೀವ್ರ ಹಂತ. ಪ್ರತಿ ಸಲ ಉಸಿರು ಕಟ್ಟಿದಾಗ ರಕ್ತದ ಆಮ್ಲಜನಕ ಇಳಿಯುತ್ತದೆ, ಮೆದುಳು ಅರೆಕ್ಷಣ ಎಚ್ಚರಗೊಂಡು ಗಂಟಲನ್ನು ತೆರೆಸುತ್ತದೆ. ಬೆಳಿಗ್ಗೆ ಕೇಳಿದರೆ ಅವರಿಗೆ ಇದರ ನೆನಪೇ ಇರುವುದಿಲ್ಲ. ಎರಡು ನಿಮಿಷಕ್ಕೊಮ್ಮೆ ಹಾಸಿನ ಎಳೆ ಹರಿಯುವ ಮಗ್ಗದಲ್ಲಿ ಬಟ್ಟೆ ಹೇಗೆ ಮುಂದೆ ಸಾಗುವುದಿಲ್ಲವೋ ಹಾಗೆ ಅವರ ನಿದ್ರೆಯೂ ಆಳಕ್ಕೆ ಇಳಿಯುವುದಿಲ್ಲ ಎಂದು ಹೇಳಿ; ನೇಕಾರರಾದ ಅವರಿಗೆ ಇದು ಕೂಡಲೇ ಅರ್ಥವಾಗುತ್ತದೆ.

ಈಗ ಸೊಂಟದ ಮಾತಿಗೆ ಬರುತ್ತೇನೆ. ದೇಹದಿಂದ ಬರುವ ನೋವಿನ ಸಂಕೇತಗಳನ್ನು ತಗ್ಗಿಸುವ ವ್ಯವಸ್ಥೆಯೊಂದು ಮೆದುಳಿನಲ್ಲಿಯೇ ಇದೆ, ಮತ್ತು ನಿದ್ರೆ ಕೆಟ್ಟಾಗ ಅದು ದುರ್ಬಲವಾಗುತ್ತದೆ. ಕೆನಡಾದ ಟೊರಾಂಟೊದಲ್ಲಿ ಹಾರ್ವೆ ಮೊಲ್ಡಾಫ್ಸ್ಕಿ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಯಾವ ನೋವೂ ಇಲ್ಲದ ಆರೋಗ್ಯವಂತರ ಆಳನಿದ್ರೆಯನ್ನು ಶಬ್ದದಿಂದ ಕೆಡಿಸಿದಾಗ ಅವರಲ್ಲಿ ಮೈಕೈ ನೋವು ಮತ್ತು ಸ್ನಾಯುಗಳನ್ನು ಒತ್ತಿದರೆ ನೋಯುವ ಲಕ್ಷಣ ಕಾಣಿಸಿಕೊಂಡವು. ಇದರ ಮುಂದುವರಿಕೆಯಂತೆ, ತೀವ್ರ ಆಪ್ನಿಯಾ ಇದ್ದ ಕೆಲವೇ ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಿಪ್ಯಾಪ್ ಹಚ್ಚಿದ ಮೇಲೆ ಬಿಸಿ ತಾಗಿಸಿದಾಗ ಬೆರಳನ್ನು ಹಿಂದಕ್ಕೆ ಎಳೆದುಕೊಳ್ಳಲು ಅವರು ತೆಗೆದುಕೊಳ್ಳುವ ಸಮಯ ಹೆಚ್ಚಿತು, ಅಂದರೆ ತಾಳುವ ಶಕ್ತಿ ಬೆಳೆಯಿತು. ಯಂತ್ರವನ್ನು ಕೆಲ ರಾತ್ರಿ ನಿಲ್ಲಿಸಿದಾಗ ಆ ಲಾಭ ತಗ್ಗಿತು. ಅದು ಚಿಕ್ಕ ಅಧ್ಯಯನ; ಅಲ್ಲಿ ಅಳೆದದ್ದೂ ಬಿಸಿಯ ನೋವನ್ನೇ ಹೊರತು ಹಳೆಯ ಸೊಂಟನೋವನ್ನಲ್ಲ. ಆದ್ದರಿಂದ ನೋವು ಹೋಗಿಯೇ ಬಿಡುತ್ತದೆ ಎಂಬ ಭರವಸೆಯನ್ನು ನಾನು ಯಾರಿಗೂ ಕೊಡುವುದಿಲ್ಲ. ಬೆನ್ನುಮೂಳೆಗಳ ನಡುವಿನ ಸವೆದ ಡಿಸ್ಕನ್ನು ಸಿಪ್ಯಾಪ್ ಸರಿಪಡಿಸುವುದಿಲ್ಲ. ಅದೇ ಡಿಸ್ಕಿನ ನೋವನ್ನು ದೇಹ ಮೊದಲಿಗಿಂತ ಚೆನ್ನಾಗಿ ತಾಳಿಕೊಳ್ಳುವಂತೆ, ಹಗಲಿನಲ್ಲಿ ವ್ಯಾಯಾಮ ಮಾಡಲು ತ್ರಾಣ ಉಳಿಯುವಂತೆ ಅದು ಮಾಡಬಲ್ಲದು.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ತಂದದ್ದು ಗೊರಕೆಯಲ್ಲ, ಆ ಎರಡು ಗುಳಿಗೆಗಳು. ಟ್ರಮಡಾಲ್ ಅಫೀಮಿನ ವರ್ಗದ ಔಷಧ; ಈ ವರ್ಗದ ಔಷಧಗಳು ಉಸಿರಾಡಲು ಮೆದುಳು ಕೊಡುವ ಆಜ್ಞೆಯನ್ನೇ ಮಂದಗೊಳಿಸಬಲ್ಲವು. ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್ ಮತ್ತು ಅದೇ ಬಗೆಯ ಗ್ಯಾಬಾಪೆಂಟಿನ್ ಕುರಿತು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರ ಡಿಸೆಂಬರಿನಲ್ಲಿ ಎಚ್ಚರಿಕೆ ಕೊಟ್ಟು, ಉಸಿರಾಟದ ತೊಂದರೆ ಇರುವವರಲ್ಲಿ, ಅಫೀಮಿನ ವರ್ಗದ ಔಷಧದ ಜೊತೆ ಸೇವಿಸುವವರಲ್ಲಿ ಹಾಗೂ ವಯಸ್ಸಾದವರಲ್ಲಿ ಗಂಭೀರ ಅಪಾಯವಿದೆ ಎಂದು ತಿಳಿಸಿತು. ತೀವ್ರ ಆಪ್ನಿಯಾಕ್ಕೆ ಚಿಕಿತ್ಸೆಯಿಲ್ಲದೆ ಇವೆರಡನ್ನೂ ರಾತ್ರಿ ಒಟ್ಟಿಗೆ ನುಂಗುವುದು ಹಾಗೆಯೇ ಮುಂದುವರಿಯಬಾರದು. ಹಾಗೆಂದು ನೀವೇ ಗುಳಿಗೆ ನಿಲ್ಲಿಸಬೇಡಿ, ಏಕೆಂದರೆ ಎರಡನ್ನೂ ಒಮ್ಮೆಲೇ ಬಿಟ್ಟರೆ ಬೇರೆ ತೊಂದರೆಗಳಾಗುತ್ತವೆ. ನಿದ್ರೆಯ ವರದಿಯನ್ನು ಈ ವಾರವೇ ಗುಳಿಗೆ ಬರೆದ ವೈದ್ಯರಿಗೆ ತೋರಿಸಿ; ಮೂತ್ರಪಿಂಡ ದುರ್ಬಲವಾಗಿದ್ದರೆ ಪ್ರಿಗ್ಯಾಬಲಿನ್ ಪ್ರಮಾಣ ಇಳಿಸಬೇಕಾಗುತ್ತದೆ, ಅದನ್ನೂ ಕೇಳಿ. ಮದ್ಯ ಮತ್ತು ನಿದ್ರೆಗುಳಿಗೆ ಇವುಗಳ ಜೊತೆ ಸೇರಲೇಬಾರದು. ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರ ನಿಧಾನವಾದರೆ ಅಥವಾ ತುಟಿ ನೀಲಿಯಾದರೆ ಕಾಯದೆ 108ಕ್ಕೆ ಕರೆ ಮಾಡಿ.

ಮರುಪ್ರಶ್ನೆ (ಇಂಡಿ, ವಿಜಯಪುರ ಜಿಲ್ಲೆ): ನಾನು ಶಾಲಾ ಶಿಕ್ಷಕಿ. ಮೈಯೆಲ್ಲ ಬಹುಕಾಲ ನೋಯುವ ಫೈಬ್ರೊಮಯಾಲ್ಜಿಯಾ ಮತ್ತು ಆಪ್ನಿಯಾ ಎರಡೂ ಇವೆ. ಸಿಪ್ಯಾಪ್ ಹಚ್ಚಿ ಮೂರು ವಾರವಾಯಿತು. ಬೆಳಗಿನ ತಲೆನೋವು ಹೋಗಿದೆ, ಮೈನೋವು ಹಾಗೆಯೇ ಇದೆ. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಬೆಳಗಿನ ತಲೆನೋವು ಹಲವರಲ್ಲಿ ಆಪ್ನಿಯಾದಿಂದಲೇ ಹುಟ್ಟುವಂಥದ್ದು, ಆದ್ದರಿಂದ ಅದು ಮೊದಲು ಇಳಿಯುತ್ತದೆ. ಮೈನೋವಿಗೆ ಬೇರೆ ಕಾರಣಗಳೂ ಇರುವುದರಿಂದ ಅದನ್ನು ತಿಂಗಳುಗಳ ಲೆಕ್ಕದಲ್ಲಿ ನೋಡಬೇಕು. ನಿಮ್ಮ ಯಂತ್ರ ದಾಖಲಿಸಿದ ಮಾಹಿತಿಯನ್ನು ವೈದ್ಯರಿಗೆ ತೋರಿಸಿ: ರಾತ್ರಿ ಎಷ್ಟು ಗಂಟೆ ಬಳಸಿದಿರಿ, ಮುಖವಾಡದಿಂದ ಗಾಳಿ ಸೋರುತ್ತಿದೆಯೇ, ಇನ್ನೂ ಉಸಿರು ನಿಲ್ಲುತ್ತಿದೆಯೇ ಎಂಬುದು ಅದರಲ್ಲಿ ಗೊತ್ತಾಗುತ್ತದೆ. ನಾಲ್ಕು ಗಂಟೆ ಬಳಸಿದರೆ ಸಾಕೆಂಬ ಮಾತು ರೂಢಿಯಲ್ಲಿದೆ, ಆದರೆ ಅದು ಕನಿಷ್ಠ ಮಿತಿ ಮಾತ್ರ. ಬೆಳಗಿನ ಜಾವ ಮುಖವಾಡ ತೆಗೆದಿಟ್ಟರೆ ಕನಸಿನ ನಿದ್ರೆ ಹೆಚ್ಚಾಗಿರುವ, ಆಪ್ನಿಯಾ ಹಲವರಲ್ಲಿ ಉಲ್ಬಣಿಸುವ ಹೊತ್ತೇ ರಕ್ಷಣೆಯಿಲ್ಲದೆ ಕಳೆಯುತ್ತದೆ. ಉಸಿರು ಸರಿಹೋದ ಮೇಲೂ ನಿದ್ರೆ ಹತ್ತದಿದ್ದರೆ ನಿಮಗೆ ನಿದ್ರಾಹೀನತೆಯೂ ಇರಬಹುದು. ಅದಕ್ಕೆ ಮಲಗುವ ಅಭ್ಯಾಸಗಳನ್ನು ಕ್ರಮವಾಗಿ ತಿದ್ದುವ ವರ್ತನಾ ಚಿಕಿತ್ಸೆ ಗುಳಿಗೆಗಿಂತ ಒಳ್ಳೆಯದು. ನೋವಿನ ಅಂಕೆಯನ್ನಷ್ಟೇ ಬರೆದಿಡದೆ, ತರಗತಿಯಲ್ಲಿ ಎಷ್ಟು ಹೊತ್ತು ನಿಂತು ಪಾಠ ಮಾಡಲಾಯಿತು ಎಂಬುದನ್ನೂ ಬರೆದಿಡಿ. ಸುಧಾರಣೆ ಎಷ್ಟೋ ಸಲ ಅಲ್ಲಿ ಮೊದಲು ಕಾಣುತ್ತದೆ.

ಮರುಪ್ರಶ್ನೆ (ಗೋಕಾಕ, ಬೆಳಗಾವಿ ಜಿಲ್ಲೆ): ತಾಯಿಯವರಿಗೆ ಸಂಧಿವಾತವಿದ್ದು ಬೆರಳುಗಳು ಸೊಟ್ಟಗಾಗಿವೆ. ಮುಖವಾಡದ ಪಟ್ಟಿ ಕಟ್ಟಿಕೊಳ್ಳಲು ಆಗುವುದಿಲ್ಲ. ಜೊತೆಗೆ ಕರೆಂಟು ಹೋಗುವ ಚಿಂತೆ ಬೇರೆ.

ಉತ್ತರ: ಪಟ್ಟಿಯನ್ನು ಒಮ್ಮೆ ಅಳತೆಗೆ ಹೊಂದಿಸಿಟ್ಟು, ಬಿಚ್ಚದೆಯೇ ತಲೆಯ ಮೇಲಿಂದ ಟೋಪಿಯಂತೆ ಹಾಕಿ ತೆಗೆಯುವುದನ್ನು ಕಲಿಸಿ. ಅಯಸ್ಕಾಂತದ ಕೊಂಡಿಯ ಮುಖವಾಡಗಳು ಇಂಥ ಕೈಗಳಿಗೆ ಸುಲಭ, ಆದರೆ ತಾಯಿಯವರಿಗಾಗಲಿ ಅವರ ಹತ್ತಿರ ಮಲಗುವವರಿಗಾಗಲಿ ಪೇಸ್‌ಮೇಕರ್ ಇದ್ದರೆ ಅವು ಬೇಡ. ಮೂಗಿನ ಹೊಳ್ಳೆಗೆ ಕೂರುವ ಸಣ್ಣ ಮುಖವಾಡವನ್ನೂ ಹಚ್ಚಿ ನೋಡಿ. ಗಂಟಲು ತೆರೆದಿಡಲು ದವಡೆಯನ್ನು ಮುಂದಕ್ಕೆ ತರುವ ಹಲ್ಲಿನ ಸಾಧನವೂ ಇದೆ, ಆದರೆ ಸಂಧಿವಾತ ದವಡೆಯ ಕೀಲನ್ನೂ ಹಿಡಿದಿದ್ದರೆ ಅದು ನೋವನ್ನು ಹೆಚ್ಚಿಸಬಹುದು. ಮಗ್ಗುಲಾಗಿ ಮಲಗಿದರೆ ಆಪ್ನಿಯಾ ಹಲವರಲ್ಲಿ ಕಡಿಮೆಯಾಗುತ್ತದೆ. ಭುಜ ನೋಯುವವರು ಆ ತೋಳಿನ ಭಾರ ತಡೆಯಲು ಎದೆಯ ಮುಂದೆ ದಿಂಬು ಇಟ್ಟುಕೊಳ್ಳಲಿ. ಮನೆಯ ಇನ್ವರ್ಟರ್ ಯಂತ್ರಕ್ಕೆ ಹೊಂದುತ್ತದೆಯೇ ಎಂದು ಮಾರಾಟಗಾರರಿಂದ ಖಚಿತಪಡಿಸಿಕೊಳ್ಳಿ. ಗಾಳಿಗೆ ತೇವ ಕೊಡುವ ಹೀಟರನ್ನು ಬಂದ್ ಮಾಡಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ತೇವಕ್ಕಾಗಿ ಯಂತ್ರದಲ್ಲಿರುವ ನೀರಿನ ತೊಟ್ಟಿಗೆ ಡಿಸ್ಟಿಲ್ಡ್ ನೀರನ್ನೇ ಹಾಕಿ, ಬೋರ್‌ವೆಲ್ಲಿನ ಗಡಸು ನೀರು ಬೇಡ. ಕೊಳ್ಳುವ ಮೊದಲು ಬೇರೆ ಬೇರೆ ಮುಖವಾಡಗಳನ್ನು ಹಾಕಿ ನೋಡಲು ಬಿಡುವ ಅಂಗಡಿಯನ್ನೇ ಆರಿಸಿ, ತಾಯಿಯವರನ್ನು ಕರೆದುಕೊಂಡು ಹೋಗಿ, ಅವರ ಕೈಯಿಂದಲೇ ಹಾಕಿಸಿ ತೆಗೆಸಿ ನೋಡಿ.