ಲಿಥಿಯಂ ಕಲ್ಲು ಕಾಯಿಸುವ ಖರ್ಚು: ಎಲ್ಲಿ ಉಳಿಸಬಹುದು?

ನವೀನ್
ಬ್ಯಾಟರಿಗೆ ಬೇಕಾದ ಲಿಥಿಯಂ ಮುಖ್ಯವಾಗಿ ಎರಡು ಕಡೆಯಿಂದ ಬರುತ್ತದೆ. ಒಂದು ಚಿಲಿ, ಅರ್ಜೆಂಟೀನಾದ ಉಪ್ಪುನೀರು. ಇನ್ನೊಂದು ಆಸ್ಟ್ರೇಲಿಯಾದ ಗಟ್ಟಿ ಕಲ್ಲಿನಲ್ಲಿರುವ ಸ್ಪೊಡ್ಯುಮೀನ್ ಖನಿಜ. ಉಪ್ಪುನೀರನ್ನು ಬಹುಮಟ್ಟಿಗೆ ಬಿಸಿಲೇ ಆರಿಸುತ್ತದೆ. ಕಲ್ಲನ್ನು ಮಾತ್ರ, ಆಮ್ಲಕ್ಕೆ ಲಿಥಿಯಂ ಬಿಟ್ಟುಕೊಡುವಂತೆ ಹರಳಿನ ರೂಪ ಬದಲಾಗಲು, ಸುಮಾರು 1050 ಡಿಗ್ರಿಗೆ ಕಾಯಿಸಬೇಕು. ಆಮೇಲೆ ಗಂಧಕಾಮ್ಲ ಬೆರೆಸಿ 250 ಡಿಗ್ರಿಯಲ್ಲಿ ಇನ್ನೊಮ್ಮೆ ಹುರಿಯಬೇಕು. ಒಂದು ಟನ್ ಲಿಥಿಯಂ ಕಾರ್ಬೊನೇಟಿಗೆ (ಬ್ಯಾಟರಿಗೆ ಹೋಗುವ ಲಿಥಿಯಂ ಉಪ್ಪು) ಉಪ್ಪುನೀರಿನ ದಾರಿಯಲ್ಲಿ 3 ಟನ್ನಿನಷ್ಟು ಕಾರ್ಬನ್ ಡೈಆಕ್ಸೈಡ್ ಹೊರಬಿದ್ದರೆ, ಕಲ್ಲಿನ ದಾರಿಯಲ್ಲಿ 15ರಿಂದ 20 ಟನ್.

ನಾನು ಎಂ.ಟೆಕ್ ವಿದ್ಯಾರ್ಥಿ. ನನ್ನ ಪ್ರಶ್ನೆ ಇಷ್ಟೇ: ಕಾಯಿಸುವ ಹಂತವನ್ನೇ ಕೈಬಿಡಬಾರದೇಕೆ? ಕಲ್ಲನ್ನು ನುಣ್ಣಗೆ ಅರೆದು, ಒತ್ತಡದ ಪಾತ್ರೆಯಲ್ಲಿ ಕಾಸ್ಟಿಕ್ ಸೋಡಾ ಜೊತೆ ಬೇಯಿಸಿದರೆ ಲಿಥಿಯಂ ಬಿಟ್ಟುಕೊಡುತ್ತದೆ. ಆಸ್ಟ್ರೇಲಿಯಾದಲ್ಲಿ ಈ ಪ್ರಯೋಗ ನಡೆದಿದೆ. ಎಲ್ಲರೂ ಇದನ್ನೇ ಹಿಡಿಯಬೇಕು ಅನ್ನಿಸುತ್ತದೆ.

ಸೌಮ್ಯ (ಪರ್ತ್)
ನವೀನ್, ಕಿಲನ್ (ಕಲ್ಲು ಕಾಯಿಸುವ ಕುಲುಮೆ) ಇಲ್ಲ ಅಂದ ಮಾತ್ರಕ್ಕೆ ಶಕ್ತಿ ಉಳಿಯಿತು ಅಂತ ಹೇಳಲಾಗುವುದಿಲ್ಲ. ಕಾಸ್ಟಿಕ್ ಸೋಡಾ ಎಲ್ಲಿಂದ ಬಂತು ನೋಡಿ. ಉಪ್ಪುನೀರಿಗೆ ಕರೆಂಟ್ ಹಾಯಿಸಿ ಅದನ್ನು ಮಾಡುತ್ತಾರೆ. ಒಂದು ಟನ್ನಿಗೆ 2000 ಯೂನಿಟ್ ಮೀರುತ್ತದೆ. ಆ ಬಿಲ್ಲು ಬೇರೆ ಕಾರ್ಖಾನೆಗೆ ಹೋಗುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಗಂಧಕಾಮ್ಲದ ಕಥೆ ಉಲ್ಟಾ. ಗಂಧಕ ಸುಟ್ಟಾಗ ಶಾಖ ಹೊರಬರುತ್ತದೆ, ಆಮ್ಲದ ಕಾರ್ಖಾನೆ ಹಬೆಯನ್ನೂ ಕೊಡುತ್ತದೆ. ಸೋಡಾವನ್ನು ತಿರುಗಿ ಪಡೆದು ಮತ್ತೆ ಮತ್ತೆ ಬಳಸಿದರೆ ಮಾತ್ರ ನೀವು ಹೇಳುವ ದಾರಿ ಗೆಲ್ಲಬಹುದು. ಕಿಲನ್‌ಗೆ ಆಗದ ನುಣುಪು ಪುಡಿಗೆ ಅದು ಒಳ್ಳೆಯ ದಾರಿ, ಅದನ್ನು ಒಪ್ಪುತ್ತೇನೆ.

ಮೊದಲು ಕೇಳಬೇಕಾದದ್ದು, ಎಷ್ಟು ಕಲ್ಲನ್ನು ಕಾಯಿಸುತ್ತಿದ್ದೇವೆ ಅನ್ನೋದು. ಅಪ್ಪಟ ಸ್ಪೊಡ್ಯುಮೀನ್‌ನಲ್ಲಿ ಲಿಥಿಯಂ ಆಕ್ಸೈಡ್ ಇರುವುದು 8 ಶೇಕಡಾ. ಬೇಡದ ಕಲ್ಲು ಆದಷ್ಟು ತೆಗೆದು ಗಣಿಯಿಂದ ಕಳಿಸುವ ಸಾಂದ್ರದಲ್ಲಿ 6. ಒಂದು ಟನ್ ಕಾರ್ಬೊನೇಟಿಗೆ ಇಂಥ ಸಾಂದ್ರ 8 ಟನ್ ಬೇಕು. ಅದಕ್ಕಾಗಿ 1.2 ಶೇಕಡಾದ ಅದಿರು 50 ಟನ್‌ಗೂ ಜಾಸ್ತಿ ಒಡೆಯಬೇಕು. ಇಲ್ಲಿಂದ ದಕ್ಷಿಣಕ್ಕಿರುವ ಗ್ರೀನ್‌ಬುಶಸ್ ಗಣಿಯ ಅದಿರಿನಲ್ಲಿ 2 ಶೇಕಡಾದಷ್ಟಿದೆ. ಅದರ ಪುಣ್ಯ ಅದು, ಎಲ್ಲ ಗಣಿಗೂ ಆ ಭಾಗ್ಯ ಇಲ್ಲ.

ರಾಘವೇಂದ್ರ
ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕಾ? 60 ಯೂನಿಟ್ಟಿನ ಕಾರ್ ಬ್ಯಾಟರಿಗೆ ಸುಮಾರು 40 ಕಿಲೋ ಕಾರ್ಬೊನೇಟ್ ಸಾಕು. ಕಿಲೋಗೆ 20 ಕಿಲೋ ಅಂತ ಹಿಡಿದರೂ 800 ಕಿಲೋ ಕಾರ್ಬನ್ ಡೈಆಕ್ಸೈಡ್. 350 ಲೀಟರ್ ಪೆಟ್ರೋಲ್ ಸುಟ್ಟಷ್ಟು. ಕಾರು ಇದನ್ನು ಒಂದೆರಡು ವರ್ಷದಲ್ಲಿ ತೀರಿಸುತ್ತದೆ.

ಸೌಮ್ಯ (ಪರ್ತ್)
ಲೆಕ್ಕ ಸರಿ ಇದೆ, ರಾಘವೇಂದ್ರ ಅವರೇ. ಕಾರು ಕೊಳ್ಳುವವರು ಇದಕ್ಕೆ ಹೆದರಬೇಕಿಲ್ಲ. ಆದರೆ ಕಾರ್ಖಾನೆ ನಡೆಸುವವರಿಗೆ ಇಂಧನ ಅಂದರೆ ದುಡ್ಡು. ಇಲ್ಲಿನ ಸಾಂದ್ರದ ಬಹುಪಾಲು ಹಡಗು ಹತ್ತಿ ಚೀನಾಕ್ಕೆ ಹೋಗುತ್ತದೆ. 6 ಶೇಕಡಾಕ್ಕಾಗಿ ಉಳಿದ 94 ಶೇಕಡಾ ಕಲ್ಲೂ ಜೊತೆಗೆ ಸಮುದ್ರ ದಾಟುತ್ತದೆ, ಅಲ್ಲಿ ಹೆಚ್ಚಾಗಿ ಕಲ್ಲಿದ್ದಲ ಶಕ್ತಿಯಲ್ಲಿ ಸಂಸ್ಕರಣೆ ಆಗುತ್ತದೆ. ಇಲ್ಲೇ ಶುದ್ಧಮಾಡಲು ಕಟ್ಟಿದ ಕಾರ್ಖಾನೆಗಳು ಖರ್ಚಿನಲ್ಲಿ ಸೋಲುತ್ತಿವೆ. ಕೆಮರ್ಟನ್‌ನಲ್ಲಿ ಆಲ್ಬಮಾರ್ಲ್ ಕಂಪನಿ 2024ರಲ್ಲಿ ಒಂದು ಘಟಕ ನಿಲ್ಲಿಸಿತು, ಮೂರನೆಯದರ ನಿರ್ಮಾಣವನ್ನೂ ಕೈಬಿಟ್ಟಿತು. ಇಲ್ಲಿನ ಕೂಲಿ, ಕಟ್ಟುವ ಖರ್ಚು ನಾವು ಇಳಿಸಲಾರೆವು. ಶಾಖದ ಖರ್ಚು ಇಳಿಸಬಹುದು.

ಮಂಜುನಾಥ (ಸೇಡಂ)
ನಾನು ಸಿಮೆಂಟ್ ಕಿಲನ್ ಮುಂದೆ ಬದುಕು ಸವೆಸಿದವನು. ಈ ಚರ್ಚೆ ಓದಿ ಸುಮ್ನೆ ಇರಲು ಆಗಲಿಲ್ಲ.

ಸಿಮೆಂಟಿನಲ್ಲಿ ಹಳೆಯ ವೆಟ್ ಪ್ರೋಸೆಸ್ ಕಿಲನ್ (ಮಾಲನ್ನು ನೀರಿನಲ್ಲಿ ಕಲಸಿ ಹಾಕುವಂಥದ್ದು) ಒಂದು ಕಿಲೋ ಕ್ಲಿಂಕರ್‌ಗೆ, ಅಂದರೆ ಅರೆದರೆ ಸಿಮೆಂಟ್ ಆಗುವ ಸುಟ್ಟ ಗಟ್ಟಿಗೆ, 1300 ಕಿಲೋಕ್ಯಾಲರಿ ಮೀರಿ ತಿನ್ನುತ್ತಿತ್ತು. ಇವತ್ತು ನಮ್ಮ ಒಳ್ಳೆಯ ಕಾರ್ಖಾನೆಗಳು 700ರಿಂದ 750ರೊಳಗೆ ಮುಗಿಸುತ್ತವೆ. ಏನು ಮಾಡಿದೆವು? ಹೊರಹೋಗುವ ಬಿಸಿ ಗಾಳಿಯಿಂದ ಒಳಬರುವ ಪುಡಿಯನ್ನು ಕಾಯಿಸಿದೆವು, ಕ್ಲಿಂಕರ್ ಆರಿಸಿದ ಗಾಳಿಯನ್ನು ಬರ್ನರ್‌ಗೆ ಕೊಟ್ಟೆವು.

ಈಗ ಸ್ಪೊಡ್ಯುಮೀನ್ ನೋಡಿ. ಸುಣ್ಣದಕಲ್ಲು ಒಡೆಯುವಾಗ ಶಾಖವನ್ನು ನುಂಗಿಬಿಡುತ್ತದೆ, ಅದನ್ನು ವಾಪಸ್ ಪಡೆಯಲು ಆಗಲ್ಲ. ಸ್ಪೊಡ್ಯುಮೀನ್ ಹಾಗಲ್ಲ. ಅದು ಹರಳಿನ ರೂಪ ಬದಲಿಸುತ್ತದೆ ಅಷ್ಟೇ, ಅದಕ್ಕೆ ಹಿಡಿಯುವ ಶಾಖ ಕಡಿಮೆ. ಕಿಲೋಗೆ ಸುಮಾರು 300 ಕಿಲೋಕ್ಯಾಲರಿ ಬೇಕು ಅಂತಿಟ್ಟುಕೊಳ್ಳಿ. ಅದರಲ್ಲಿ ಹೆಚ್ಚಿನದು ಕಲ್ಲನ್ನು ಬಿಸಿ ಮಾಡಲಿಕ್ಕೇ ಹೋಗುತ್ತದೆ, ಆ ಬಿಸಿಯೆಲ್ಲ ಕಲ್ಲಿನ ಜೊತೆಗೇ ಕಿಲನ್‌ನಿಂದ ಹೊರಬರುತ್ತದೆ. ಹೊರಬಂದದ್ದನ್ನು ಹಿಡಿದರೆ ಸಿಮೆಂಟಿಗಿಂತ ಜಾಸ್ತಿ ಪಾಲು ಉಳಿಸಬಹುದು. ಮುಂದಿನ ಹಂತಕ್ಕೆ ಬೇಕಾದ 250 ಡಿಗ್ರಿಯನ್ನೂ ಇದರಿಂದಲೇ ತೆಗೆಯಬಹುದು. ಹೊಸ ರಸಾಯನಶಾಸ್ತ್ರ ಹುಡುಕುವ ಮೊದಲು ಈ ಕೆಲಸ ಆಗಬೇಕು.

ಸೌಮ್ಯ (ಪರ್ತ್)
ಮಂಜುನಾಥ್ ಸರ್, ನಿಮ್ಮ ವಾದ ಗಟ್ಟಿಯಾಗಿದೆ. ಎರಡು ತೊಡಕು ಹೇಳುತ್ತೇನೆ. ರೂಪ ಬದಲಾದಾಗ ಕಲ್ಲು ಸುಮಾರು 30 ಶೇಕಡಾ ಊದಿಕೊಂಡು ಪುಡಿಯಾಗುತ್ತದೆ. ಆ ದೂಳು ಗಾಳಿಯ ಜೊತೆ, ಒಳಬರುವ ಪುಡಿ ಕಾಯಿಸುವ ಸೈಕ್ಲೋನ್ ಗೋಪುರಗಳಿಗೆ ಏರುತ್ತದೆ. ಇನ್ನೊಂದು, ಸಾಂದ್ರದಲ್ಲಿ ಅಭ್ರಕ, ಫೆಲ್ಡ್‌ಸ್ಪಾರ್ ಉಳಿದಿದ್ದರೆ ಶಾಖ ಸ್ವಲ್ಪ ಏರಿದರೂ ಕರಗಿ ಅಂಟಾಗುತ್ತದೆ. ಕಿಲನ್ ಗೋಡೆಗೆ ಉಂಗುರದ ಹಾಗೆ ಕಟ್ಟಿಕೊಳ್ಳುತ್ತದೆ, ಲಿಥಿಯಂ ಗಾಜಿನೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಶಾಖ ಕಡಿಮೆಯಾದರೆ ರೂಪವೇ ಬದಲಾಗಲ್ಲ.

ಮಂಜುನಾಥ (ಸೇಡಂ)
ಉಂಗುರದ ಕಾಟ ನಮಗೂ ಹೊಸದಲ್ಲ ಮೇಡಂ. ಅದಕ್ಕೆ ಮದ್ದು ಜ್ವಾಲೆಯ ಆಕಾರದಲ್ಲಿದೆ, ಒಳಗೆ ಹಾಕುವ ಮಾಲು ಒಂದೇ ಸಮ ಇರುವುದರಲ್ಲಿದೆ. ಪುಡಿಯಾಗುವುದನ್ನು ನಾನು ಲಾಭ ಅಂತಲೇ ನೋಡುತ್ತೇನೆ. ಕಲ್ಲು ಕಿಲನ್‌ನಲ್ಲಿ ತಾನೇ ಒಡೆಯುವುದಾದರೆ, ಅದಕ್ಕೂ ಮೊದಲು ಬಾಲ್ ಮಿಲ್‌ನಲ್ಲಿ ಅಷ್ಟು ನುಣ್ಣಗೆ ಅರೆಯುವುದೇಕೆ?

ಸೌಮ್ಯ (ಪರ್ತ್)
ಅದೇ ನನ್ನ ಮಾತೂ. ಸ್ಪೊಡ್ಯುಮೀನ್ ನೀರಿಗಿಂತ 3.1 ಪಟ್ಟು ಭಾರ, ಬೆಣಚುಕಲ್ಲು 2.65 ಪಟ್ಟು. ಫೆರೋಸಿಲಿಕಾನ್ ಪುಡಿ ಬೆರೆಸಿದ ದಟ್ಟ ನೀರಿನಲ್ಲಿ ಹಾಕಿದರೆ ಬೆಣಚು ತೇಲುತ್ತದೆ, ಸ್ಪೊಡ್ಯುಮೀನ್ ಮುಳುಗುತ್ತದೆ. ಮಿಲಿಮೀಟರ್ ಗಾತ್ರದ ತುಂಡನ್ನೇ ಹೀಗೆ ಬೇರ್ಪಡಿಸಬಹುದು, ಅರೆಯುವ ಕರೆಂಟ್ ಉಳಿಯುತ್ತದೆ. ಕಾದ ಮೇಲೆ ಅದು ಮೆತ್ತಗಾಗಿರುತ್ತದೆ, ಆಗ ಅರೆಯುವುದೂ ಹಗುರ. ಆದರೆ ಹರಳು ಸಣ್ಣದಾಗಿರುವ ಅದಿರಿಗೆ ಇದು ನಡೆಯಲ್ಲ. ಅಲ್ಲಿ ನುಣ್ಣಗೆ ಅರೆದು ಫ್ಲೋಟೇಶನ್ (ನೀರಿನಲ್ಲಿ ಗಾಳಿಗುಳ್ಳೆಗೆ ಖನಿಜ ಅಂಟಿಸಿ ಮೇಲೆತ್ತುವುದು) ಮಾಡದೆ ಗತಿಯಿಲ್ಲ.

ಅಂಥ ನುಣುಪು ಪುಡಿಗಾಗಿ ಪಿಲ್ಗಂಗೂರ ಗಣಿಯಲ್ಲಿ ಪಿಲ್ಬರಾ ಮಿನರಲ್ಸ್ ಮತ್ತು ಕ್ಯಾಲಿಕ್ಸ್ ಕಂಪನಿಗಳು ಸೇರಿ ವಿದ್ಯುತ್ ಕ್ಯಾಲ್ಸಿನರ್ (ಕರೆಂಟಿನಿಂದ ಪುಡಿ ಕಾಯಿಸುವ ಸಾಧನ) ಯೋಜನೆ ಹಾಕಿಕೊಂಡವು. ಎತ್ತರದ ಕೊಳವೆಯನ್ನು ಹೊರಗಿನಿಂದ ಕಾಯಿಸುತ್ತಾರೆ. ಪುಡಿ ಒಳಗೆ ಬೀಳುತ್ತಾ ಕ್ಷಣಗಳಲ್ಲಿ ರೂಪ ಬದಲಿಸುತ್ತದೆ. ಕಡಿಮೆ ದರ್ಜೆಯ ಸಾಂದ್ರವೂ ನಡೆಯುತ್ತದೆ. ಗಣಿಯಲ್ಲೇ ಲಿಥಿಯಂ ಉಪ್ಪು ಮಾಡಿ ಕಳಿಸಿದರೆ ಕಲ್ಲು ಸಾಗಿಸುವ ಕೆಲಸವೂ ತಪ್ಪುತ್ತದೆ.

ನವೀನ್
ಹಾಗಾದರೆ ನಮ್ಮಲ್ಲೂ ಕರೆಂಟ್ ಕಿಲನ್ ಹಾಕಿದರೆ ಮುಗಿಯಿತಲ್ವಾ?

ಮಂಜುನಾಥ (ಸೇಡಂ)
ಇಲ್ಲಪ್ಪ. ಗ್ಯಾಸ್ ಉರಿಸಿ ಒಂದು ಯೂನಿಟ್ಟಿನಷ್ಟು ಶಾಖ ಪಡೆದರೆ 200 ಗ್ರಾಂ ಕಾರ್ಬನ್ ಡೈಆಕ್ಸೈಡ್. ನಮ್ಮ ದೇಶದ ಗ್ರಿಡ್ಡಿನ ಒಂದು ಯೂನಿಟ್ ಕರೆಂಟಿಗೆ ಸರಾಸರಿ 700 ಗ್ರಾಂ ಆಸುಪಾಸು. ಪಾವಗಡದಲ್ಲಿ 2050 ಮೆಗಾವಾಟ್ ಸೋಲಾರ್ ಇದೆ ಅನ್ನಬಹುದು. ಸಂಜೆ ಆರಕ್ಕೆ ಅದು ನಿಲ್ಲುತ್ತದೆ. ಇಟ್ಟಿಗೆ ಪದರದ ಕಿಲನ್ ದಿನಾ ಆರಿಸಿ ಹೊತ್ತಿಸಿದರೆ ಒಳಗಿನ ಇಟ್ಟಿಗೆ ಬಿರಿಯುತ್ತದೆ. ಮೊದಲು ಶಾಖ ಸೋರುವುದು ನಿಲ್ಲಲಿ. ಕರೆಂಟ್ ಆಮೇಲೆ.

ಶಿವಲಿಂಗೇಗೌಡ (ಶ್ರೀರಂಗಪಟ್ಟಣ)
ನಮ್ಮ ಮಂಡ್ಯದ ಮರಳಗಾಲ, ಅಲ್ಲಾಪಟ್ಟಣ ಭಾಗದಲ್ಲಿ 1600 ಟನ್ ಲಿಥಿಯಂ ಇದೆ ಅಂತ 2021ರಲ್ಲಿ ಸುದ್ದಿ ಬಂತು. ಪರಮಾಣು ಖನಿಜ ನಿರ್ದೇಶನಾಲಯದ ಅಂದಾಜು ಅದು. ಇಲ್ಲೇ ಕಿಲನ್ ಹಾಕುತ್ತಾರಾ? ನಮ್ಮದು ನಾಲೆ ನೀರಿನ ಊರು, ಕಬ್ಬು ಭತ್ತದ ಊರು. ದೂಳು, ನೀರು ಎರಡರ ಚಿಂತೆಯೂ ಇದೆ.

ಸೌಮ್ಯ (ಪರ್ತ್)
ಗೌಡ್ರೇ, ಆ ಪ್ರಮಾಣ ಬಹಳ ಚಿಕ್ಕದು. ಇಲ್ಲಿ ಒಂದೊಂದು ಶುದ್ಧೀಕರಣ ಘಟಕವೂ ವರ್ಷಕ್ಕೆ ಸುಮಾರು 24,000 ಟನ್ ಲಿಥಿಯಂ ಹೈಡ್ರಾಕ್ಸೈಡ್ (ಬ್ಯಾಟರಿಗೆ ಹೋಗುವ ಇನ್ನೊಂದು ಲಿಥಿಯಂ ರೂಪ) ಲೆಕ್ಕದಲ್ಲಿ ಕಟ್ಟಿದ್ದು. 1600 ಟನ್ನನ್ನೇ ನಂಬಿ ಯಾರೂ ಕಿಲನ್ ಹಾಕಲಾರರು. ಅಲ್ಲಿ ಬೇರ್ಪಡಿಸಿ ಬೇರೆ ಕಡೆಗೆ ಕಳಿಸುವ ಮಾತು ಬರಬಹುದು. ಹಾಗೆ ಬಂದರೆ ನೀರಿನ ಪ್ರಶ್ನೆಯನ್ನು ಬಿಡಬೇಡಿ. ದಟ್ಟ ನೀರು, ಫ್ಲೋಟೇಶನ್ ಎರಡಕ್ಕೂ ನೀರು ಬೇಕು. ಎಷ್ಟು ವಾಪಸ್ ಬಳಸುತ್ತೀರಿ ಅಂತ ಬರವಣಿಗೆಯಲ್ಲೇ ಕೇಳಿ.

ಮಂಜುನಾಥ (ಸೇಡಂ)
ಕಿಲನ್ ಎಲ್ಲೇ ಬರಲಿ, ಅಹವಾಲು ಸಭೆಯಲ್ಲಿ ಇನ್ನೆರಡು ಕೇಳಿ ಗೌಡ್ರೇ. ಚಿಮಣಿಗೆ ಹೋಗುವ ಗಾಳಿ ಎಷ್ಟು ಡಿಗ್ರಿ? ಕಾದ ಮಾಲು ಆರಿಸುವ ಕೂಲರ್‌ನಿಂದ ಹೊರಬೀಳುವ ಮಾಲು ಎಷ್ಟು ಡಿಗ್ರಿ? ಇವೆರಡೂ 300 ಮೀರಿದ್ದರೆ ಆ ಶಾಖ ಎಲ್ಲಿಗೆ ಹೋಗುತ್ತದೆ ಅಂತ ಉತ್ತರ ಕೊಡುವವರೆಗೂ ಬಿಡಬೇಡಿ.

ಶಿವಲಿಂಗೇಗೌಡ (ಶ್ರೀರಂಗಪಟ್ಟಣ)
ಬರೆದುಕೊಂಡೆ ಸರ್. ಚಿಮಣಿ ದೂಳಿಗೆ ಏನು ಕೇಳಬೇಕು ಅದನ್ನೂ ಹೇಳಿ.

ಮಂಜುನಾಥ (ಸೇಡಂ)
ಬ್ಯಾಗ್ ಫಿಲ್ಟರ್ ಹಾಕುತ್ತಾರಾ, ಹಿಡಿದ ದೂಳು ವಾಪಸ್ ಕಿಲನ್‌ಗೆ ಹೋಗುತ್ತದಾ ಅಂತ ಕೇಳಿ. ಆ ದೂಳಿನಲ್ಲೂ ಲಿಥಿಯಂ ಇರುತ್ತದೆ. ಹೊರಗೆ ಬಿಟ್ಟರೆ ಅವರಿಗೂ ನಷ್ಟವೇ.