‘ಪೈಗಳು’ ಸರಿಯೋ, ‘ಪೈ ಅವರು’ ಸರಿಯೋ?

ಹೋದ ವಾರ ಉಡುಪಿಯಲ್ಲಿ ಒಂದು ಆಮಂತ್ರಣ ಪತ್ರಿಕೆ ಅಚ್ಚಿಗೆ ಕೊಟ್ಟಿದ್ದೆ. ‘ಗೋವಿಂದ ಪೈಗಳ ಕವಿತೆಗಳ ಓದು’ ಎಂದು ಬರೆದಿದ್ದೆ. ಕರಡು ಬಂದಾಗ ‘ಪೈ ಅವರ’ ಎಂದಾಗಿತ್ತು. ಕೇಳಿದರೆ ಅಕ್ಷರ ಜೋಡಿಸುವ ಹುಡುಗ, “ಸರ್, ಗಳು ಅಂದ್ರೆ ಬಹುವಚನ. ಕವಿ ಒಬ್ರೇ ಅಲ್ವಾ?” ಎಂದ. ಅವನು ಕೇಳಿದ್ದು ನ್ಯಾಯವೇ. ಆದರೂ ಆ ‘ಗಳು’ ಹೋದದ್ದು ನನಗೆ ತುಂಬ ಬೇಸರವಾಯಿತು.

ಪೈಗಳು, ಶೆಣೈಗಳು, ರೈಗಳು ಎಂದು ಕೇಳುತ್ತಲೇ ಬೆಳೆದವನು ನಾನು. ಈ ‘ಗಳು’ ಲೆಕ್ಕದ್ದಲ್ಲ, ಗೌರವದ್ದು. ಸ್ವಾಮಿಗಳು, ಶಾಸ್ತ್ರಿಗಳು ಅನ್ನುವಾಗ ಯಾರೂ ತಲೆ ಎಣಿಸುವುದಿಲ್ಲ. ‘ಅ’ಕಾರದಲ್ಲಿ ಮುಗಿಯುವ ಹೆಸರಿಗೆ ‘ರು’ ಸಲೀಸಾಗಿ ಅಂಟುತ್ತದೆ: ಕಾರಂತರು, ಆಚಾರ್ಯರು. ಶೆಟ್ಟಿ ತನ್ನ ‘ಇ’ ಬಿಟ್ಟು ಶೆಟ್ಟರು, ಮಾತಿನಲ್ಲಿ ಶೆಟ್ರು. ಪೈಗೆ ಬರೀ ‘ರು’ ಸೇರಿಸಿದರೆ ಗದ್ದೆಯ ಪೈರು ಆಗಿಬಿಡುತ್ತದೆ!

ಹಳೆಯ ನಾಣ್ಯವೂ ಒಂದಿತ್ತಲ್ಲ, ಪೈ. 12 ಪೈಗೆ ಒಂದಾಣೆ, 192 ಪೈಗೆ ಒಂದು ರೂಪಾಯಿ. ಎಷ್ಟೇ ಇದ್ದರೂ ಲೆಕ್ಕ ಹೇಳುವಾಗ ಮೂರು ಪೈ, ಹನ್ನೆರಡು ಪೈ ಅಂತಲೇ ಹೇಳುವುದು. ‘ಪೈಗಳು’ ಅಂದ ಕೂಡಲೇ ಕಿವಿಗೆ ಮನುಷ್ಯರೇ ಬರುತ್ತಾರೆ.

ಯಾವ ಪೈಗಳು ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಊರಿನ ಹೆಸರು ಇದೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿಗೆ ಬುನಾದಿ ಹಾಕಿದವರು ಅಮ್ಮೆಂಬಳ ಸುಬ್ಬರಾವ್ ಪೈ. ಮಣಿಪಾಲವನ್ನು ಕಟ್ಟಿದವರು ತೋನ್ಸೆ ಮಾಧವ ಅನಂತ ಪೈ. 1949ರಲ್ಲಿ ಮದ್ರಾಸ್ ಸರಕಾರದಿಂದ ರಾಷ್ಟ್ರಕವಿ ಎನಿಸಿಕೊಂಡವರು ಮಂಜೇಶ್ವರದ ಗೋವಿಂದ ಪೈ. ಉಡುಪಿಯ ಎಂಜಿಎಂ ಕಾಲೇಜಿನಲ್ಲಂತೂ ಸುಮ್ನೆ ‘ಪೈಗಳು’ ಅಂದರೆ ಸಾಲದು. ಕಾಲೇಜು ಮಾಧವ ಪೈಗಳು ಕಟ್ಟಿದ್ದು, ಅಲ್ಲಿರುವ ಸಂಶೋಧನ ಕೇಂದ್ರ ಗೋವಿಂದ ಪೈಗಳ ಹೆಸರಿನದ್ದು. ಕಾರ್ಕಳದಲ್ಲಿ ಹುಟ್ಟಿ ಅಮರ ಚಿತ್ರಕಥೆ ಶುರುಮಾಡಿದ ಅನಂತ ಪೈ ಮಾತ್ರ ಮಕ್ಕಳಿಗೆಲ್ಲ ‘ಅಂಕಲ್ ಪೈ’. ಅಲ್ಲಿ ‘ಗಳು’ ಬೇಕಾಗಲೇ ಇಲ್ಲ.

‘ಪೈ ಅವರು’ ತಪ್ಪು ಎನ್ನುತ್ತಿಲ್ಲ. ಬರಹದಲ್ಲಿ ಈಗ ಅದೇ ಜಾಸ್ತಿ. ಆದರೆ ‘ಪೈಗಳು’ ಎಂದು ಬರೆದದ್ದನ್ನು ತಪ್ಪೆಂದು ತಿದ್ದಬಾರದು. ಆಮಂತ್ರಣದಲ್ಲಿ ನಾನು ‘ಗಳ’ ಮತ್ತೆ ಹಾಕಿಸಿದೆ.

ಘಟ್ಟದ ಮೇಲಿನವರು ಏನನ್ನುತ್ತೀರಿ? ನಿಮ್ಮಲ್ಲಿ ‘ಪೈಗಳು’ ಬಳಕೆಯಲ್ಲಿ ಇದೆಯೇ, ‘ಪೈಯವರು’ ಮಾತ್ರವೇ? ಇನ್ನೊಂದು: ಶಾಲೆಯಲ್ಲಿ ನಮಗೆ ಕನ್ನಡ ಕಲಿಸಿದ ಪೈ ಟೀಚರ್ ಇದ್ದರು. ಅವರನ್ನು ಯಾರೂ ‘ಪೈಗಳು’ ಎಂದದ್ದು ನಾನು ಕೇಳಿಲ್ಲ. ಹೆಂಗಸರಿಗೆ ಈ ‘ಗಳು’ ಸೇರಿಸಿ ಹೇಳಿದ್ದನ್ನು ನಿಮ್ಮಲ್ಲಿ ಯಾರಾದರೂ ಕೇಳಿದ್ದೀರಾ?